ಬ್ರಿಜ್ ಮುಟ್ಟಿ ನೋಡಿ

ಗಾಳಿಯಂತ್ರದ ರೆಕ್ಕೆಗೆ ಯಾವ ಮರ ಒಳ್ಳೆಯದೆಂದು ಈ ವಾರ ಬರೆಯುತ್ತೇನೆ ಅಂದಿದ್ದೆ. ಆಷಾಢದ ಗಾಳಿ ಆ ಮಾತನ್ನು ಹಾರಿಸಿಕೊಂಡು ಹೋಯಿತು. ಮಂಗಳವಾರ ರಾತ್ರಿ ತಾರಸಿಯ ಮೇಲೆ ಚಕ್ರವೇನೋ ಸೊಗಸಾಗಿ ತಿರುಗುತ್ತಿತ್ತು, ಬ್ಯಾಟರಿಗೆ ಇಳಿಯುವ ಕರೆಂಟು ಮಾತ್ರ ಬಡಕಲು. ಗಾಳಿಯನ್ನು ಬೈದೆ, ರೆಕ್ಕೆಯನ್ನು ಬೈದೆ. ಕೊನೆಗೆ ಡಬ್ಬಿ ಬಿಚ್ಚಿ, ಜನರೇಟರಿನ ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಐದು ಕಾಲಿನ ಬ್ರಿಜ್ ಮೇಲೆ ಬೆರಳಿಟ್ಟೆ. ಚುರ್ ಅಂದಿತು. ಕಳ್ಳ ಅಲ್ಲೇ ಕೂತಿದ್ದ.

ಗಾಳಿ ಸೆಕೆಂಡಿಗೆ 4 ಮೀಟರ್ ಬೀಸುವಾಗ 1 ಮೀಟರ್ ವ್ಯಾಸದ ಚಕ್ರದೊಳಗೆ ಹಾಯುವುದು ಸುಮಾರು 30 ವ್ಯಾಟ್. ಅದರಲ್ಲಿ ಶೇ 59.3ಕ್ಕಿಂತ ಹೆಚ್ಚು ಯಾರಿಗೂ ದಕ್ಕದೆಂದು ವಿಜ್ಞಾನಿ ಬೆಟ್ಜ್ ನೂರು ವರ್ಷದ ಹಿಂದೆಯೇ ಹೇಳಿಬಿಟ್ಟ. ನಮ್ಮ ಕೈಕೆತ್ತನೆಯ ರೆಕ್ಕೆಗೆ ಶೇ 30 ಬಂದರೆ ಪುಣ್ಯ. ಉಳಿದದ್ದು 9 ವ್ಯಾಟ್. ಕರೆಂಟು ಬ್ರಿಜ್ ದಾಟುವಾಗ ಎರಡು ಸಿಲಿಕಾನ್ ಡಯೋಡಿಗೆ ಸುಂಕ ಕಟ್ಟಬೇಕು, ಎರಡೂ ಸೇರಿ ಸುಮಾರು 1.4 ವೋಲ್ಟ್. 12 ವೋಲ್ಟಿನ ಬ್ಯಾಟರಿಯಾದರೆ ನಷ್ಟ ಹತ್ತರಲ್ಲೊಂದು ಪಾಲು, ಸಹಿಸಬಹುದು. ನನ್ನದು 3.7 ವೋಲ್ಟಿನ ಲಿಥಿಯಂ ಸೆಲ್. ಕಾಲು ಭಾಗಕ್ಕೂ ಮಿಕ್ಕಿ ಬ್ರಿಜ್ಜಿನಲ್ಲೇ ಬೆಂದುಹೋಗುತ್ತದೆ. ರೆಕ್ಕೆಗೆ ಮರಳುಕಾಗದ ಉಜ್ಜಿ ಉಜ್ಜಿ ಗಳಿಸಿದ್ದೆಲ್ಲ ಇಲ್ಲಿ ಸೋರಿಹೋಯಿತು.

ಷಾಟ್ಕಿ ಡಯೋಡ್ ಹಾಕಿದರೆ ಸುಂಕ ಅರ್ಧಕ್ಕಿಳಿಯುತ್ತದೆ. ಮಾಸ್‌ಫೆಟ್ ಹಾಕಿದರೆ ಇಲ್ಲವೆನ್ನುವಷ್ಟು: 20 ಮಿಲಿಓಮ್‌ನದ್ದರಲ್ಲಿ ಅರ್ಧ ಆಂಪಿಯರ್ ಹರಿದರೆ ಕಳೆಯುವುದು 10 ಮಿಲಿವೋಲ್ಟ್. ಆದರೆ ಅದೊಂದು ಸ್ವಿಚ್ಚು, ಹೊತ್ತಿಗೆ ಸರಿಯಾಗಿ ಆರಿಸಬೇಕು. ತಡವಾದರೆ ಬ್ಯಾಟರಿಯ ಕರೆಂಟು ವಾಪಸು ಹರಿದು ಗಾಳಿಯಂತ್ರವನ್ನು ಫ್ಯಾನ್ ಮಾಡಿಬಿಡುತ್ತದೆ. ಗಾಳಿಯಿಲ್ಲದ ರಾತ್ರಿ ನನ್ನ ಚಕ್ರ ಹಾಗೆ ತಿರುಗಿ ಪಕ್ಕದ ಮನೆಯವರ ಮೆಚ್ಚುಗೆಯನ್ನೂ ಗಳಿಸಿದೆ.

ಇಲ್ಲಿ ನನ್ನ ಹಳೆಯ ಎದುರಾಳಿಗಳು ಕೈ ಎತ್ತುತ್ತಾರೆ. ಜನರೇಟರಿನ ಒಳರೋಧ ಎಷ್ಟೋ ಹೊರಗಿನ ರೋಧವೂ ಅಷ್ಟಿರಲಿ, ಗರಿಷ್ಠ ವಿದ್ಯುತ್ ಸಿಗುತ್ತದೆ ಅನ್ನುವ ಪಂಥದವರು. ಸೂತ್ರ ಸುಳ್ಳಲ್ಲ ಸ್ವಾಮಿ, ಜಾಗ ತಪ್ಪು. ಹಾಗೆ ಹೊಂದಿಸಿದರೆ ಅರ್ಧ ವಿದ್ಯುತ್ತು ಸುರುಳಿಯೊಳಗೇ ಉರಿಯುತ್ತದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಎಷ್ಟು ಹೊರೆ ಹೇರಿದರೂ ಜನರೇಟರಿನ ವೇಗ ಅಷ್ಟೇ ಇರುತ್ತದೆಂದು ಆ ಸೂತ್ರ ನಂಬಿದೆ. ಗಾಳಿಚಕ್ರ ಹೊರೆ ಹೆಚ್ಚಾದರೆ ಏದುಸಿರು ಬಿಟ್ಟು ನಿಧಾನವಾಗುತ್ತದೆ, ರೆಕ್ಕೆ ಗಾಳಿಯ ಹಿಡಿತ ತಪ್ಪಿ ಸ್ಟಾಲ್ ಆಗುತ್ತದೆ. ಹೀಗೆ ಸ್ಟಾಲ್ ಆದ ಚಕ್ರಕ್ಕೆ ಕೆಲವೊಮ್ಮೆ ತೆಳುವಾದ ತಂತಿ ಜೋಡಿಸಿದರೇ ಹೆಚ್ಚು ವಿದ್ಯುತ್ ಬರುವುದುಂಟು. ತಂತಿಯಲ್ಲಿ ನಷ್ಟವಾದರೂ ಚಕ್ರ ಉಸಿರಾಡುತ್ತದೆ.

ಹೊರೆ ಚಕ್ರದ ತಾಕತ್ತಿಗೆ ಹೊಂದಿಕೊಂಡಿರಬೇಕೆಂಬ ಈ ಗುಟ್ಟನ್ನು ಅಮೆರಿಕದ ಮೊಂಟಾನಾದ ರೈತಾಪಿ ಹುಡುಗ ಮಾರ್ಸೆಲಸ್ ಜೇಕಬ್ಸ್ 1920ರ ದಶಕದಲ್ಲೇ ಹಿಡಿದಿದ್ದ. ಅವನ ಬಳಿ ಮಾಸ್‌ಫೆಟ್ ಇರಲಿಲ್ಲ, ಚಿಪ್ ಇರಲಿಲ್ಲ. ಗಾಳಿಯ ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟಾಗುತ್ತದೆ. ಜನರೇಟರಿನ ಹೊರೆಯೂ ಅದೇ ಲಯದಲ್ಲಿ ಏರುವಂತೆ ಅವನು ಅದರ ಕಾಂತಕ್ಷೇತ್ರವನ್ನೇ ಹದಗೊಳಿಸಿದ. ಗೇರಿಲ್ಲ, ಮೂರೇ ರೆಕ್ಕೆ, ನಿಧಾನಗತಿಯ ದಪ್ಪ ಜನರೇಟರು. ಧ್ರುವಯಾತ್ರಿಕ ಅಡ್ಮಿರಲ್ ಬರ್ಡ್ ಅಂಟಾರ್ಕ್ಟಿಕಾಕ್ಕೆ ಒಯ್ದದ್ದು ಅವನ ಯಂತ್ರವನ್ನೇ. ಇವತ್ತು ನಾವು ಎಂಪಿಪಿಟಿ (ಗರಿಷ್ಠ ವಿದ್ಯುತ್ತಿನ ಬಿಂದುವನ್ನು ಹಿಂಬಾಲಿಸುವುದು) ಅಂತ ಹೆಸರಿಟ್ಟು ಪ್ರೋಗ್ರಾಂ ಬರೆದು ಮಾಡುವ ಕೆಲಸವನ್ನು ಅವನು ಕಬ್ಬಿಣ, ತಾಮ್ರದಲ್ಲೇ ಬರೆದಿಟ್ಟಿದ್ದ. ನನಗಂತೂ ಪ್ರೋಗ್ರಾಮಿಗಿಂತ ಆ ಕಬ್ಬಿಣವೇ ಚೆಂದ.

ಗಾಳಿ ಬಂದಾಗ ತೂರಿಕೋ ಅಂತಾರೆ. ಆಷಾಢ ಮುಗಿಯುವ ಮುಂಚೆ ನೀವೂ ಒಮ್ಮೆ ಬ್ರಿಜ್ ಮುಟ್ಟಿ ನೋಡಿ, ಹುಷಾರಾಗಿ. ಮರದ ಬಗ್ಗೆ ಕೇಳಿದವರಿಗೆ: ಚೆನ್ನಾಗಿ ಒಣಗಿದ ಶಿವನೆ, ಗಂಟಿಲ್ಲದ್ದು.