ಮಿಲಾಗ್ರಿಸ್ ಇಗರ್ಜಿ: ಚರಿತ್ರೆಯಲ್ಲಿ ಬಿಟ್ಟುಹೋದ ಪುಟ

ನಮ್ಮ ಹೈದರಾಬಾದಿನ ಗನ್‌ಫೌಂಡ್ರಿಯಲ್ಲಿರುವ ಸಂತ ಜೋಸೆಫರ ಇಗರ್ಜಿಯ ವಯಸ್ಸನ್ನು ಹೇಳುವುದು ಕಷ್ಟವಲ್ಲ. 1870ರ ದಶಕದಲ್ಲಿ ಕಟ್ಟಿದ್ದು. ಇಂದು ಕಣ್ಣಿಗೆ ಕಾಣುವುದೂ ಬಹುಮಟ್ಟಿಗೆ ಅದೇ. ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯ ವಿಷಯ ಹಾಗಲ್ಲ. ಅದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ '1680ರ ಇಗರ್ಜಿ' ಎಂದೇ ಆರಂಭಿಸುತ್ತಾರೆ. ಈ ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಕೆಳದಿಯ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲದಲ್ಲಿ, 1680ರಲ್ಲಿ, ಗೋವಾ ಮೂಲದ ಬಿಷಪ್ ತೋಮಸ್ ದೆ ಕಾಸ್ತ್ರೊ ಅಲ್ಲಿ ಮೊದಲ ಇಗರ್ಜಿಯನ್ನು ಕಟ್ಟಿಸಿದರು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಅದು ನೆಲಸಮವಾಯಿತು. ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ಯಲಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ಹಿಂತಿರುಗಿದರು. 1811ರಲ್ಲಿ ಅದೇ ಜಾಗದಲ್ಲಿ ದೊಡ್ಡ ಇಗರ್ಜಿ ಎದ್ದಿತು. 1911ರಲ್ಲಿ ಅದರ ಮುಂಭಾಗ ಕುಸಿದುಬಿತ್ತು. ಈಗ ನಾವು ನೋಡುವುದು ಆ ಕುಸಿತದ ನಂತರದ ಕಟ್ಟಡ.

ನನ್ನ ಆಕ್ಷೇಪ ಇಷ್ಟೆ. ನಾನು ಓದಿದ ಬರಹಗಳಲ್ಲಿ 1784ಕ್ಕೆ ಪುಟಗಟ್ಟಲೆ ಜಾಗ ಸಿಗುತ್ತದೆ, 1911ಕ್ಕೆ ಒಂದು ವಾಕ್ಯ. ಕೆಡವಿದವನೊಬ್ಬನಿದ್ದರೆ ಕಥೆ ಬೆಳೆಯುತ್ತದೆ. ಗೋಡೆ ತಾನಾಗಿ ಬಿದ್ದರೆ ಕಥೆಯೇ ಇಲ್ಲ! ಸೆರೆಯ ಸಂಕಟವನ್ನು ಹಗುರ ಮಾಡಲು ಈ ಮಾತು ಹೇಳುತ್ತಿಲ್ಲ. ಸೆರೆಹೋದವರು 30,000 ಎಂದು ಕೆಲವರು, 80,000 ಎಂದು ಕೆಲವರು ಬರೆದಿದ್ದಾರೆ. ಕಡಿಮೆ ಲೆಕ್ಕವನ್ನೇ ಹಿಡಿದರೂ ಅದು ಮಹಾದುರಂತವೇ. ಆದರೆ ಬರಿಗೈಯಲ್ಲಿ ಬಂದವರು ಹನ್ನೆರಡೇ ವರ್ಷಗಳಲ್ಲಿ ದೊಡ್ಡ ಇಗರ್ಜಿಯನ್ನು ಎಬ್ಬಿಸಿದ್ದು ಹೇಗೆ? ಹಣ ಯಾರದು, ಗಾರೆ ಕೆಲಸ ಯಾರದು? ಕರಾವಳಿಯ ಮುರಕಲ್ಲು ಸೂಕ್ಷ್ಮ ರಂಧ್ರಗಳ ಕಲ್ಲು; ಗಾರೆ ಬಿಟ್ಟರೆ ಮಳೆನೀರು ಕುಡಿಯುತ್ತದೆ. ಅಂಥ ಊರಿನಲ್ಲಿ ಗೋಡೆಯೊಂದು ಏಕೆ ಬಿತ್ತು ಎಂದು ಕೇಳುವುದೂ ಚರಿತ್ರೆಯ ಕೆಲಸವೇ. ವಿಜ್ಞಾನ ಓದಿದ ನನಗಂತೂ ಈ ಪ್ರಶ್ನೆ ಸಣ್ಣದೆನಿಸುವುದಿಲ್ಲ.

ಕಚೇರಿಯಲ್ಲಿ ಹಳೆಯ ಫೈಲಿಗೆ ಹೊಸ ರಟ್ಟು ಹಾಕುತ್ತೇವೆ, ಹರಿದ ಕಾಗದಕ್ಕೆ ನಕಲು ಸೇರಿಸುತ್ತೇವೆ. ನಂಬರು ಮಾತ್ರ ಅದೇ. ಅದನ್ನು ಹಳೆಯ ಫೈಲೆನ್ನಲು ಯಾರೂ ಹಿಂಜರಿಯುವುದಿಲ್ಲ, ವ್ಯವಹಾರ ಮುಂದುವರಿದಿದೆಯಲ್ಲ! ಮಿಲಾಗ್ರಿಸ್ಸಿಗೂ 1680 ಸಲ್ಲುವುದು ಗೋಡೆಗಳಿಂದಲ್ಲ, ಅದೇ ಜಾಗಕ್ಕೆ ಮರಳಿ ಬಂದು ಕಟ್ಟಿದ ಜನರಿಂದ. ಕೆಡವಿದವನ ಹೆಸರು ಎಲ್ಲರಿಗೂ ಗೊತ್ತು. ಕಟ್ಟಿದವರ ಚರಿತ್ರೆಯನ್ನು ಯಾರಾದರೂ ಬರೆಯಬೇಕು.