‘ಅರಿವು ಮೂಡಿಸಲಾಯಿತು’

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿಗಳ ಫೀಲ್ಡ್‌ವರ್ಕ್ ರೆಕಾರ್ಡುಗಳನ್ನು ಹಲವು ವರ್ಷಗಳಿಂದ ತಿದ್ದುತ್ತ ಬಂದಿದ್ದೇನೆ. ಅವುಗಳಲ್ಲಿ ಪುಟಪುಟಕ್ಕೂ ಎದುರಾಗುವ ಮಾತು ಒಂದೇ: ‘ಅರಿವು ಮೂಡಿಸಲಾಯಿತು.’ ಶೌಚಾಲಯದ ಬಗ್ಗೆ, ಬಾಲ್ಯವಿವಾಹದ ಬಗ್ಗೆ, ಕುಡಿತದ ಬಗ್ಗೆ. ಮೂಡಿಸಿದವರು ಯಾರು, ಯಾರಲ್ಲಿ ಮೂಡಿತು, ಮೂಡಿದ್ದು ಗೊತ್ತಾದದ್ದು ಹೇಗೆ? ಯಾವುದಕ್ಕೂ ಉತ್ತರವಿಲ್ಲ. ಮನುಷ್ಯರೇ ಇಲ್ಲದ ಈ ವಾಕ್ಯದಲ್ಲಿ ನಮ್ಮ ಸಮಾಜಕಾರ್ಯ ಶಿಕ್ಷಣದ ದೊಡ್ಡ ಕೊರತೆ ಅಡಗಿದೆ.

ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ನಡೆದ ಗ್ರಾಮೀಣ ಶಿಬಿರ ನೆನಪಾಗುತ್ತದೆ. ಕೊನೆಯ ಸಂಜೆ ಶೌಚಾಲಯದ ಮೇಲೆ ಬೀದಿ ನಾಟಕ. ಹುಡುಗರು ಮನಸ್ಸಿಟ್ಟು ಆಡಿದರು, ಜನರೂ ನಕ್ಕರು, ಚಪ್ಪಾಳೆ ತಟ್ಟಿದರು. ಮುಗಿದ ಮೇಲೆ ಸೊಂಟದಲ್ಲಿ ಕೊಡ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ನಮ್ಮ ವಿದ್ಯಾರ್ಥಿನಿಯ ಹತ್ತಿರ ಬಂದಳು. “ಆಟ ಚಲೋ ಆತವಾ. ನಮ್ಮ ಓಣ್ಯಾಗ ನಳ ಬರೂದು ನಾಕ ದಿನಕ್ಕೊಮ್ಮೆ. ಸಂಡಾಸಕ್ಕ ನೀರ ಎಲ್ಲಿಂದ ತರೂದು?” ಹುಡುಗಿ ಸುಮ್ಮನೆ ನಿಂತಳು. ಅಂದು ರಾತ್ರಿ ರೆಕಾರ್ಡಿನಲ್ಲಿ ಬರೆದದ್ದು ಅದೇ ವಾಕ್ಯ. ಕೊಡ ಹೊತ್ತವಳ ಪ್ರಶ್ನೆ ಅದರಲ್ಲಿರಲಿಲ್ಲ. ಸಹಿ ಹಾಕಿದವಳು ನಾನೇ.

ಅದೇ ಶಿಬಿರದಲ್ಲಿ ಇದಕ್ಕೆ ತೀರಾ ವಿರುದ್ಧವಾದದ್ದೂ ನಡೆದಿತ್ತು. ಊರಿನ ನಕ್ಷೆಯನ್ನು ಊರವರೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬಿಡಿಸುವ ಕ್ರಮವೊಂದಿದೆ. ಗಂಡಸರು ಕಟ್ಟೆಯ ಮುಂದೆ ಗುಡಿ, ಬಸ್‌ಸ್ಟ್ಯಾಂಡು, ಪಂಚಾಯಿತಿ ಕಚೇರಿ ಬಿಡಿಸಿದರು, ರಸ್ತೆಗಳೆಲ್ಲ ನೆಟ್ಟಗೆ. ಹೆಂಗಸರು ಬೇರೆಯಾಗಿ ಅಂಗನವಾಡಿಯ ಅಂಗಳದಲ್ಲಿ ಬಿಡಿಸಿದರು. ಅವರ ಬೋರ್‌ವೆಲ್ ಗುಡಿಗಿಂತ ದೊಡ್ಡದು. ಸಾರಾಯಿ ಅಂಗಡಿ ಬಂದ ಕಡೆ ದಾರಿ ಎರಡಾಯಿತು: ಒಂದು ನೇರ, ಇನ್ನೊಂದು ಹಿತ್ತಲುಗಳ ಹಿಂದಿನಿಂದ ಸುತ್ತಿ ಬರುವಂಥದ್ದು. “ಸಂಜಿಕ ನಾವು ಹಿಂಗ ಹೋಗತೀವ್ರಿ” ಎಂದಳು ಒಬ್ಬ ಮುದುಕಿ. ಗಂಡಸರ ನಕ್ಷೆಯಲ್ಲಿ ಆ ಸುತ್ತುದಾರಿ ಇರಲೇ ಇಲ್ಲ. ವಿದ್ಯಾರ್ಥಿಗಳು ಅಂದು ಏನನ್ನೂ ಮೂಡಿಸಲಿಲ್ಲ. ಕೇಳಿದರು, ಕೂತರು, ನೋಡಿದರು. ಫೀಲ್ಡ್‌ವರ್ಕ್ ಅಂದರೆ ಇದು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಸಮಾಜಕಾರ್ಯದ ಶಿಕ್ಷಣ ನಮ್ಮ ದೇಶದಲ್ಲಿ ಶುರುವಾದದ್ದೇ ನೆರೆಹೊರೆಯ ನಡುವೆ. 1936ರಲ್ಲಿ ಮುಂಬಯಿಯಲ್ಲಿ ಕ್ಲಿಫರ್ಡ್ ಮ್ಯಾನ್ಶರ್ಟ್ ಅವರ ನೇತೃತ್ವದಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಶಾಲೆಗೆ, ಅಂದರೆ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೆ (ಟಿಸ್), ಮೊದಲ ನೆಲೆ ನಾಗಪಾಡಾದ ನೆರೆಹೊರೆ ಕೇಂದ್ರ. ಪಾಠದ ಕೋಣೆಯಿಂದ ಹೊರಗೆ ಕಾಲಿಟ್ಟರೆ ಕಾರ್ಮಿಕರ ಕಿಕ್ಕಿರಿದ ಓಣಿಗಳು. ಮುಂದೆ ಸಂಸ್ಥೆ ದೇವನಾರ್‌ಗೆ ಹೋಯಿತು, ಬೆಳೆಯಿತು. ಆದರೂ ಆ ಹಳೆಯ ನಂಟು ಅಲ್ಲಿ ಪೂರ್ತಿ ಕಡಿದುಹೋಗಲಿಲ್ಲ. 1984ರಲ್ಲಿ ಮುಂಬಯಿ ಪೊಲೀಸ್ ವ್ಯವಸ್ಥೆಯೊಳಗೇ ಮಹಿಳೆಯರಿಗಾಗಿ ವಿಶೇಷ ಘಟಕ, 1996ರಲ್ಲಿ ಮಕ್ಕಳಿಗಾಗಿ 1098 ಸಹಾಯವಾಣಿ, ಎರಡೂ ಆ ಸಂಸ್ಥೆಯ ಕ್ಷೇತ್ರ ಯೋಜನೆಗಳಾಗಿಯೇ ಹುಟ್ಟಿದವು. ಒಂದೇ ಸಂಕಟದ ಬಳಿ ವರ್ಷಗಟ್ಟಲೆ ನಿಂತವರಿಂದ ಆದ ಕೆಲಸ ಅದು.

ನಾವಾದರೋ ಫೀಲ್ಡ್‌ವರ್ಕಿನ ಗಂಟೆ ಎಣಿಸುತ್ತಿದ್ದೇವೆ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ (ಎನ್‌ಎಸ್‌ಎಸ್) ವರ್ಷಕ್ಕೆ 120 ಗಂಟೆ ಸೇವೆ, ಏಳು ದಿನದ ಶಿಬಿರ ಎಂಬ ಲೆಕ್ಕವಿದೆ. ಎಲ್ಲ ವಿಷಯಗಳ ವಿದ್ಯಾರ್ಥಿಗಳಿಗೂ ತೆರೆದಿರುವ ಯೋಜನೆಗೆ ಅದು ಸರಿ. ಸಮಾಜಕಾರ್ಯವನ್ನೇ ಬದುಕಿನ ವೃತ್ತಿ ಮಾಡಿಕೊಳ್ಳಲು ಬಂದವರಿಗೂ ಅದೇ ಲೆಕ್ಕ ಸಾಕೇ? ಗಂಟೆ ಎಣಿಸದಿದ್ದರೆ ಎಷ್ಟೋ ಹುಡುಗರು ಹಳ್ಳಿಯ ಕಡೆ ತಲೆ ಹಾಕುವುದೇ ಇಲ್ಲ, ಒಪ್ಪುತ್ತೇನೆ. ಆದರೆ ಎಣಿಕೆ ಮುಗಿದ ದಿನವೇ ಊರಿನ ನಂಟೂ ಮುಗಿಯುತ್ತದೆ.

ಇನ್ನು ಕ್ಯಾಂಪಸ್. ಅದೂ ಒಂದು ಊರೇ ಎಂಬುದು ನಮಗೆ ಮರೆತೇ ಹೋಗಿದೆ. ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಹಾಸ್ಟೆಲಿನಲ್ಲಿ ಚಪಾತಿ ಲಟ್ಟಿಸುವ ಹೆಂಗಸರ ಜೊತೆ ದಿನಾ ಸಂಜೆ ಕೂರುತ್ತಿದ್ದಳು. ಗುತ್ತಿಗೆ ಕೆಲಸ, ಸಂಬಳದಲ್ಲಿ ಪಿಎಫ್ ಹಿಡಿಯುತ್ತಾರೆ ಎಂಬುದಷ್ಟೇ ಅವರಿಗೆ ಗೊತ್ತು, ಆ ಹಣ ಎಲ್ಲಿದೆ ಎಂಬುದು ಗೊತ್ತಿಲ್ಲ. ಇವಳು ಒಬ್ಬೊಬ್ಬರ ಪಿಎಫ್ ಖಾತೆಯ ಯುಎಎನ್ ನಂಬರು ಹುಡುಕಿಸಿ, ಆಧಾರ್‌ನಲ್ಲಿನ ಹೆಸರಿನ ತಪ್ಪು ತಿದ್ದಿಸಿ, ಮೊಬೈಲಿನಲ್ಲಿ ಪಾಸ್‌ಬುಕ್ ತೆಗೆದು ತೋರಿಸಿದಳು. ಇಬ್ಬರ ಖಾತೆಯಲ್ಲಿ ಕೆಲವು ತಿಂಗಳ ಹಣ ಬಂದೇ ಇರಲಿಲ್ಲ. ಆಮೇಲಿನ ಅರ್ಜಿ, ಓಡಾಟಗಳಲ್ಲೂ ಅವಳು ಜೊತೆಗಿದ್ದಳು. ಇದೆಲ್ಲ ಫೀಲ್ಡ್‌ವರ್ಕ್ ಗಂಟೆಗಳಿಗೆ ಸೇರಲಿಲ್ಲ. ಒಪ್ಪಿಗೆ ಪಡೆದ ಏಜೆನ್ಸಿಗಳ ಪಟ್ಟಿಯಲ್ಲಿ ಹಾಸ್ಟೆಲಿನ ಅಡುಗೆಮನೆ ಇರಲಿಲ್ಲ.

ಆ ವರ್ಷದಿಂದ ನನ್ನ ವಿದ್ಯಾರ್ಥಿಗಳ ರೆಕಾರ್ಡಿನಲ್ಲಿ ‘ನಡೆಸಿದ ಕಾರ್ಯಕ್ರಮಗಳು’ ಎಂಬ ಕಾಲಮ್ಮಿನ ಪಕ್ಕ ಇನ್ನೊಂದು ಗೆರೆ ಎಳೆಸಿದ್ದೇನೆ: ‘ಅವರು ಕೇಳಿದ್ದು.’ ಮೊದಲ ತಿಂಗಳು ಅದು ಬಹಳ ಜನರದ್ದು ಖಾಲಿ ಇರುತ್ತದೆ. ಅದಕ್ಕೆ ನಾನು ಅಂಕ ಕಳೆಯುವುದಿಲ್ಲ.