ಛಾವಣಿಯ ತೂತು ಮತ್ತು ಅದರ ಬೋಲ್ಟು

ಸೌರಫಲಕ ಕೂರಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗವಾದ ಸಾಮಗ್ರಿಗಳೆಂದರೆ ಬೋಲ್ಟು, ತಿರುಪುಮೊಳೆ, ವಾಷರ್ ಮತ್ತು ಸಂದು ಮುಚ್ಚುವ ಸೀಲಂಟ್. ಆದರೆ ಫಲಕ 25 ವರ್ಷ ನಿಂತಲ್ಲೇ ನಿಲ್ಲುವುದೂ ಅದರ ಕೆಳಗಿನ ಮನೆ ಸೋರದೆ ಉಳಿಯುವುದೂ ಬಹುಮಟ್ಟಿಗೆ ಇವುಗಳ ಗುಣವನ್ನೇ ಅವಲಂಬಿಸಿವೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಮೂರು ಕಿಲೋವ್ಯಾಟಿನ ಘಟಕಕ್ಕೆ 78,000 ರೂಪಾಯಿ ಸಹಾಯಧನ ಕೊಡುತ್ತಿರುವುದರಿಂದ ಹೊಸಪೇಟೆ, ಸಂಡೂರು, ಕಂಪ್ಲಿಗಳ ಮನೆಯವರು ಫಲಕದ ವ್ಯಾಟು, ಇನ್ವರ್ಟರಿನ ಹೆಸರು, ಜೆಸ್ಕಾಂ ಮೀಟರಿನ ವಿಚಾರಗಳನ್ನು ಆಸ್ಥೆಯಿಂದ ಕೇಳಿ ತಿಳಿಯುತ್ತಾರೆ. ಬೋಲ್ಟು ಯಾವ ಲೋಹದ್ದು ಎಂಬುದನ್ನು ಮಾತ್ರ ಕೆಲಸಗಾರನ ಚೀಲಕ್ಕೆ ಬಿಟ್ಟುಬಿಡುತ್ತಾರೆ. ಈ ಚಿಕ್ಕ ಸಾಮಗ್ರಿಯ ಆಯ್ಕೆಗೆ ಒಂದು ಕ್ರಮವಿದೆ: ತೂತು ಎಲ್ಲಿ ಎಂಬುದು ಮೊದಲು, ಲೋಹ ಯಾವುದು ಎಂಬುದು ನಂತರ, ವಾಷರ್ ಎಷ್ಟು ಒತ್ತಬೇಕು ಎಂಬುದು ಅದರ ಮೇಲೆ, ಸೀಲಂಟ್ ಎಲ್ಲಕ್ಕಿಂತ ಕೊನೆಗೆ. ರೂಢಿಯಲ್ಲಿ ಈ ಕ್ರಮ ತಲೆಕೆಳಗಾಗಿ, ಸಿಕ್ಕಲ್ಲಿ ಕೊರೆದು ಮೇಲೆ ಧಾರಾಳವಾಗಿ ಅಂಟು ಬಳಿಯುವುದೇ ಕುಶಲತೆ ಎನಿಸಿಕೊಂಡಿದೆ.

ಬೋಲ್ಟು ಇರುವುದು ಫಲಕದ ಭಾರ ಹೊರುವುದಕ್ಕೆ ಎಂಬ ತಿಳಿವಳಿಕೆ ಅರ್ಧ ಮಾತ್ರ ಸರಿ. 540 ವ್ಯಾಟಿನ ಫಲಕವೊಂದರ ತೂಕ ಸುಮಾರು 28 ಕಿಲೊ, ವಿಸ್ತಾರ ಸುಮಾರು ಎರಡೂವರೆ ಚದರ ಮೀಟರು. ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದ ಸೂತ್ರದಂತೆ, ಸೆಕೆಂಡಿಗೆ ಇಷ್ಟು ಮೀಟರು ಎಂಬ ಗಾಳಿಯ ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೆ 0.6ರಿಂದ ಗುಣಿಸಿದರೆ ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್ ಲೆಕ್ಕದಲ್ಲಿ ಸಿಗುತ್ತದೆ. ವೇಗ 40 ಮೀಟರು, ಅಂದರೆ ಗಂಟೆಗೆ 144 ಕಿಲೋಮೀಟರು ಇದ್ದರೆ ಒತ್ತಡ 960 ನ್ಯೂಟನ್, ಹೆಚ್ಚುಕಡಿಮೆ 98 ಕಿಲೊ ಭಾರಕ್ಕೆ ಸಮ. ಅದು ಪೂರ್ತಿಯಾಗಿ ಫಲಕವನ್ನು ಎತ್ತುವ ದಿಕ್ಕಿನಲ್ಲಿ ದುಡಿದರೆ ಎಳೆತ 245 ಕಿಲೊ ಆಗುತ್ತದೆ, ಎಂದರೆ ಫಲಕದ ಸ್ವಂತ ತೂಕದ ಎಂಟು ಒಂಬತ್ತು ಪಟ್ಟು. ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ಈ ಸೀಮೆಯಲ್ಲಿ ಸಂಜೆಯ ಬಿರುಗಾಳಿ ಏಳುವಾಗ ಬೋಲ್ಟಿನ ಮುಂದಿರುವ ಕೆಲಸ ಹೊರುವುದಲ್ಲ, ಹಾರಿಹೋಗದಂತೆ ಹಿಡಿಯುವುದು. ಛಾವಣಿಯ ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಸೆಳೆತ ಮಧ್ಯಭಾಗಕ್ಕಿಂತ ಹೆಚ್ಚಾಗಿರುವುದರಿಂದ ಅಲ್ಲಿ ಫಲಕಗಳನ್ನು ಒಳಕ್ಕೆ ಸರಿಸುವುದು ಬೋಲ್ಟು ಹೆಚ್ಚಿಸುವುದಕ್ಕಿಂತ ಜಾಣತನ.

ತೂತಿನ ವಿಚಾರದಲ್ಲಿ ಹಂಪಿಯ ಬಂಡೆಗಳು ಒಳ್ಳೆಯ ಪಾಠ ಹೇಳುತ್ತವೆ. ಅಲ್ಲಿನ ಅನೇಕ ಗುಂಡುಗಳ ಮೇಲೆ ಸಾಲಾಗಿ ಕೊರೆದ ಆಯತಾಕಾರದ ಕುಳಿಗಳನ್ನು ಇಂದಿಗೂ ಕಾಣಬಹುದು. ವಿಜಯನಗರದ ಕಲ್ಲುಕುಟಿಗರು ಆ ಕುಳಿಗಳಲ್ಲಿ ಬೆಣೆ ಹೂಡಿ ಕಣಶಿಲೆಯನ್ನು ಗೆರೆ ಎಳೆದಂತೆ ಸೀಳಿದರು. ಆ್ಯಂಕರ್ ಬೋಲ್ಟು ಎಂದು ಅಂಗಡಿಗಳಲ್ಲಿ ಸಿಗುವ, ಬಿಗಿದಂತೆಲ್ಲ ಒಳಗಿನ ತೋಳು ಅರಳಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುವ ಬೋಲ್ಟು ಮಾಡುವುದೂ ಬೆಣೆಯ ಕೆಲಸವನ್ನೇ. ಆದ್ದರಿಂದ ಹಳೆಯ ಮನೆಗಳ ಚಪ್ಪಡಿ ಕಲ್ಲಿನ ಛಾವಣಿಯಲ್ಲಿ, ಅದರಲ್ಲೂ ಅಂಚಿನ ಬಳಿ ಒಂದೇ ಸಾಲಿನಲ್ಲಿ ಇಂಥ ಬೋಲ್ಟುಗಳನ್ನು ಹೊಡೆಯುವುದೆಂದರೆ ಚಪ್ಪಡಿ ಸೀಳುವ ವಿದ್ಯೆಯನ್ನು ತಿಳಿಯದೆ ಪ್ರಯೋಗಿಸಿದಂತೆ. ಇನ್ನು ತೊಲೆ, ಜಂತೆಗಳ ಮೇಲೆ ಚೌಳುಮಣ್ಣು ಹಾಸಿದ ಮಾಳಿಗೆಗಳಿಗಂತೂ ತೂತೇ ಸಲ್ಲದು. ಚೌಳುಮಣ್ಣಿನ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ತಾವೇ ಮುಚ್ಚುತ್ತವೆ. ಬೇಸಾಯಕ್ಕೆ ಶಾಪವಾದ ಗುಣವೇ ಮಾಳಿಗೆಗೆ ವರವಾಗಿರುವ, ಇಷ್ಟು ಸೊಗಸಾದ ದೇಸಿ ಸೀಲಂಟನ್ನು ಡ್ರಿಲ್ಲಿನಿಂದ ಛಿದ್ರ ಮಾಡಿ ಅದರ ಮೇಲೆ ಸಿಲಿಕೋನ್ ಬಳಿಯುವುದು ಸಲ್ಲದ ಕೆಲಸ. ಅಂಥ ಮನೆಗಳಲ್ಲಿ ಫಲಕದ ಚೌಕಟ್ಟು ಹಿತ್ತಲಿನ ನೆಲದ ಮೇಲೆ ನಿಲ್ಲಬೇಕು. ಹಂಪಿಯ ಸುತ್ತಲಿನ ಊರುಗಳಲ್ಲಿ ಪರಂಪರೆ ಪ್ರದೇಶದ ನಿಯಮಗಳೂ ಇರುವುದರಿಂದ ಅನುಮತಿಯ ವಿಚಾರ ಅಲ್ಲಿ ಬೋಲ್ಟಿಗಿಂತ ಮೊದಲು ಬರುತ್ತದೆ.

ಹೊಸಪೇಟೆಯ ಬಡಾವಣೆಗಳಲ್ಲಿ ಹೆಚ್ಚಾಗಿರುವ ಕಾಂಕ್ರೀಟ್ ತಾರಸಿಗೆ ಎರಡು ದಾರಿಗಳಿವೆ. ತಾರಸಿಯನ್ನು ಕೊರೆಯದೆ ಅದರ ಮೇಲೆ ಭಾರದ ಕಾಂಕ್ರೀಟ್ ದಿಮ್ಮಿಗಳನ್ನಿಟ್ಟು ಅವುಗಳಿಗೆ ಚೌಕಟ್ಟನ್ನು ಕಟ್ಟುವುದು ಒಂದು. ಒಂದಡಿ ಉದ್ದ, ಅಗಲ, ಎತ್ತರದ ದಿಮ್ಮಿಯೊಂದು ಸುಮಾರು 65ರಿಂದ 70 ಕಿಲೊ ತೂಗುವುದರಿಂದ ಗಾಳಿಯ ಎಳೆತಕ್ಕೆ ಎಷ್ಟು ಬೇಕೆಂಬ ಲೆಕ್ಕವನ್ನೂ ತಾರಸಿ ಅದನ್ನು ತಾಳುತ್ತದೆಯೇ ಎಂಬ ಲೆಕ್ಕವನ್ನೂ ಎಂಜಿನಿಯರರೇ ಮಾಡಬೇಕು. ಇನ್ನೊಂದು ರಾಸಾಯನಿಕ ಆ್ಯಂಕರ್: ತೂತಿಗೆ ರಾಳ ತುಂಬಿ ಸರಳನ್ನು ಇಳಿಸುವ ಈ ವಿಧಾನದಲ್ಲಿ ಅರಳುವ ಒತ್ತಡವಿಲ್ಲ, ರಾಳವೇ ತೂತಿನ ಗೋಡೆಯನ್ನು ಹಿಡಿಯುತ್ತದೆ. ಆದರೆ ತೂತಿನೊಳಗಿನ ಕಾಂಕ್ರೀಟ್ ಪುಡಿಯನ್ನು ಊದಿ, ಕುಂಚದಿಂದ ಉಜ್ಜಿ, ಮತ್ತೆ ಊದಿ ತೆಗೆಯದಿದ್ದರೆ ರಾಳ ಅಂಟುವುದು ಗೋಡೆಗಲ್ಲ, ಪುಡಿಗೆ.

ಕಂಪ್ಲಿಯ ಅಕ್ಕಿ ಗಿರಣಿಗಳ ವಿಶಾಲವಾದ ತಗಡಿನ ಛಾವಣಿಗಳು ಬೇರೆಯೇ ಬಗೆಯ ವಿವೇಕ ಕೇಳುತ್ತವೆ. ಅರ್ಧ ಮಿಲಿಮೀಟರಿನಷ್ಟು ತೆಳುವಾದ ತಗಡಿಗೆ ಎಳೆತ ತಡೆಯುವ ಶಕ್ತಿ ಇಲ್ಲ. ತಿರುಪುಮೊಳೆ ತಗಡನ್ನು ದಾಟಿ ಪರ್ಲಿನ್ ಎಂಬ ಅಡ್ಡತೊಲೆಯನ್ನು ಹಿಡಿಯಲೇಬೇಕು. ತಗಡಿನ ತಗ್ಗಿನಲ್ಲಿ ಹೊಡೆದ ಮೊಳೆ ಗಟ್ಟಿಯಾಗಿ ಕೂರುತ್ತದೆ, ಆದರೆ ಮಳೆನೀರು ಹರಿಯುವುದೇ ಆ ತಗ್ಗಿನಲ್ಲಿ. ಉಬ್ಬಿನ ಮೇಲೆ ಹೊಡೆದರೆ ನೀರು ಇಕ್ಕೆಲಕ್ಕೂ ಜಾರುತ್ತದೆ, ಮೊಳೆ ಮಾತ್ರ ಉದ್ದವಿರಬೇಕು, ಉಬ್ಬು ಕುಸಿಯದಂತೆ ಅದರ ಆಕಾರಕ್ಕೇ ಬಾಗಿದ ಆಧಾರಪಟ್ಟಿ ಬೇಕು. ಫಲಕದ ಕೆಳಗೆ ಆಮೇಲೆ ಕೈ ಹಾಕಿ ಸರಿಪಡಿಸುವುದು ಕಷ್ಟವಾದ್ದರಿಂದ ಖರ್ಚಾದರೂ ಉಬ್ಬೇ ಲೇಸು. ಕೊರೆಯುವಾಗ ಉದುರುವ ಉಕ್ಕಿನ ಚೂರುಗಳನ್ನು ಅಂದೇ ಗುಡಿಸದಿದ್ದರೆ ಒಂದು ಮಳೆಗೆ ಅವು ತುಕ್ಕಾಗಿ ತಗಡಿನ ಹೊದಿಕೆಯ ಮೇಲೆ ಕಲೆ ಬಿಡುತ್ತವೆ. ಆಸ್ಬೆಸ್ಟಾಸ್ ಸಿಮೆಂಟ್ ಶೀಟುಗಳನ್ನು ಕೊರೆದರೆ ಶ್ವಾಸಕೋಶಕ್ಕೆ ಅಪಾಯಕಾರಿಯಾದ ನಾರುಧೂಳು ಏಳುತ್ತದೆ, ಶೀಟು ಬಿರುಕು ಬಿಡುತ್ತದೆ. ಅವನ್ನು ಬದಲಿಸಿದ ಮೇಲೆಯೇ ಫಲಕದ ಮಾತು.

ಲೋಹದ ಆಯ್ಕೆ ಎಷ್ಟು ಗುರುತರವೆಂಬುದಕ್ಕೆ ಅಥೆನ್ಸಿನ ಅಕ್ರೊಪೊಲಿಸ್ ಸಾಕ್ಷಿ. ಪ್ರಾಚೀನ ಗ್ರೀಕರು ಅಮೃತಶಿಲೆಯ ತುಂಡುಗಳನ್ನು ಬೆಸೆದ ಕಬ್ಬಿಣದ ಕೊಂಡಿಗಳ ಸುತ್ತ ಸೀಸ ಎರೆದು ನೀರಿನಿಂದ ಕಾಪಾಡಿದ್ದರು. 20ನೆಯ ಶತಮಾನದ ಆರಂಭದಲ್ಲಿ ನಿಕೊಲಾಸ್ ಬಲಾನೊಸ್ ನಡೆಸಿದ ಜೀರ್ಣೋದ್ಧಾರದಲ್ಲಿ ಆ ರಕ್ಷಣೆಯಿಲ್ಲದ ಕಬ್ಬಿಣ ಬಳಕೆಯಾಗಿ, ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಲ್ಲುಗಳೇ ಒಡೆದವು, ಕೊನೆಗೆ ಆ ಕಬ್ಬಿಣವನ್ನು ತೆಗೆದು ಟೈಟಾನಿಯಂ ಹಾಕಬೇಕಾಯಿತು. ಮನೆಯ ಛಾವಣಿಗೆ ಟೈಟಾನಿಯಂ ಬೇಡ. ಆದರೆ ಹೊಳೆಯುವುದೆಲ್ಲ ಒಂದೇ ಅಲ್ಲವೆಂದು ತಿಳಿದಿರಬೇಕು. ವಿದ್ಯುತ್ ಲೇಪನದ ಸತು ಸಾಮಾನ್ಯವಾಗಿ ಐದರಿಂದ ಹನ್ನೆರಡು ಮೈಕ್ರಾನ್ ದಪ್ಪವಿದ್ದು ಕೆಲವೇ ಮಳೆಗಾಲಗಳಲ್ಲಿ ಸವೆಯುತ್ತದೆ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಬೋಲ್ಟಿನ ಹೊದಿಕೆ ಅದರ ಹಲವು ಪಟ್ಟು, ಬಣ್ಣವೂ ಮಂಕು ಬೂದಿ. ಅಲ್ಯೂಮಿನಿಯಂ ಚೌಕಟ್ಟನ್ನು ಹಿಡಿಯಲು ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕ್ಕಲ್ ಇರುವ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಯೋಗ್ಯ, ಅದರ ಬೋಲ್ಟಿನ ತಲೆಯ ಮೇಲೆ ಎ2-70 ಎಂಬ ಗುರುತು ಇರುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವ ರೂಢಿ ಪೂರ್ತಿ ನಂಬತಕ್ಕದ್ದಲ್ಲ, ಏಕೆಂದರೆ ತಣ್ಣಗೇ ಬಡಿದು ರೂಪಿಸಿದ ಅಸಲಿ 304 ಬೋಲ್ಟು ಸಹ ಸ್ವಲ್ಪ ಸೆಳೆಯುತ್ತದೆ. ಸ್ಟೇನ್‌ಲೆಸ್ ನಟ್ಟನ್ನು ಯಂತ್ರದಿಂದ ರಭಸವಾಗಿ ಬಿಗಿದರೆ ಎಳೆಗಳು ಬಿಸಿಯಾಗಿ ಒಂದಕ್ಕೊಂದು ಬೆಸೆದುಕೊಂಡು ಮುಂದೆಂದೂ ಬಿಚ್ಚದಂತಾಗುತ್ತವೆ. ಎಳೆಗೆ ಜಿಡ್ಡು ಸವರಿ, ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ ಫಲಕದ ಕೈಪಿಡಿ ಹೇಳಿದಷ್ಟು ಮಾತ್ರ ತಿರುಗಿಸುವುದು ಸರಿಯಾದ ಪದ್ಧತಿ.

ನೀರನ್ನು ತಡೆಯುವುದು ನಿಜವಾಗಿ ವಾಷರ್. ಲೋಹದ ಬಿಲ್ಲೆಗೆ ಅಂಟಿಸಿದ ಇಪಿಡಿಎಂ ಎಂಬ ಕೃತಕ ರಬ್ಬರು ಬಿಸಿಲನ್ನು ವರ್ಷಾನುಗಟ್ಟಲೆ ತಾಳುತ್ತದೆ. ಬಿಗಿದಾಗ ಅದು ಬಿಲ್ಲೆಯ ಅಂಚಿಗೆ ಬಂದು ನಿಲ್ಲಬೇಕು. ಅಂಚು ದಾಟಿ ಹೊರಚಿಮ್ಮಿದರೆ ಬಿಗಿತ ಹೆಚ್ಚಾಯಿತು, ಬಿಲ್ಲೆ ಬೆರಳಿಗೆ ತಿರುಗಿದರೆ ಕಡಿಮೆಯಾಯಿತು.

ಕೊನೆಗೆ ಸೀಲಂಟ್. ಕೊಳವೆ ತೆರೆದೊಡನೆ ಹುಳಿವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಸತುವಿನ ಹೊದಿಕೆಯನ್ನೂ ಕಾಂಕ್ರೀಟನ್ನೂ ಕೆಡಿಸುತ್ತದೆ. ಬಚ್ಚಲುಮನೆಯ ಗಾಜಿಗೆ ಒಗ್ಗುವ ಆ ಬಗೆಯನ್ನು ಛಾವಣಿಗೆ ಏರಿಸಬಾರದು, ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ತರಬೇಕು. ಪಾಲಿಯುರಿಥೇನ್ ಬಿಗಿಯಾಗಿ ಹಿಡಿಯುತ್ತದಾದರೂ ನೇರ ಬಿಸಿಲಿಗೆ ಮೇಲ್ಮೈ ಪುಡಿಯಾಗುತ್ತದೆ. ಎಂದೂ ಪೂರ್ತಿ ಗಟ್ಟಿಯಾಗದ ಬ್ಯುಟೈಲ್ ಪಟ್ಟಿ ಆಧಾರಪಟ್ಟಿಯ ಅಡಿಯಲ್ಲಿ, ಬಿಸಿಲು ತಾಗದೆ, ಒತ್ತಡದಲ್ಲಿ ಇರುವುದರಿಂದ ತಗಡಿನ ಛಾವಣಿಗೆ ಅದಕ್ಕಿಂತ ನೆಮ್ಮದಿಯ ವಸ್ತು ಇಲ್ಲ. ತುಂಗಭದ್ರೆಯ ಹರಿಗೋಲುಗಳಿಗೆ ಡಾಂಬರು ಚೆನ್ನಾಗಿಯೇ ಒಗ್ಗಿದೆ, ಆದರೆ ಹರಿಗೋಲನ್ನು ಬೋರಲು ಹಾಕಿ ಮತ್ತೆ ಬಳಿಯಬಹುದು. ಫಲಕದ ಕೆಳಗಿನ ತಗಡನ್ನು ಹಾಗೆ ಮಾಡಲಾಗದು, ಅಲ್ಲಿ ಬೇಸಿಗೆಯ ಕಾವಿಗೆ ಮೆತ್ತಗಾಗಿ ಚಳಿಗೆ ಬಿರುಕು ಬಿಡುವ ಡಾಂಬರು ನಿಲ್ಲುವುದಿಲ್ಲ. ಉಷ್ಣಾಂಶ 50 ಡಿಗ್ರಿ ಏರಿದರೆ ಆರು ಮೀಟರಿನ ಅಲ್ಯೂಮಿನಿಯಂ ಪಟ್ಟಿ ಸುಮಾರು ಏಳು ಮಿಲಿಮೀಟರು ಹಿಗ್ಗುತ್ತದೆ, ಕೆಳಗಿನ ಉಕ್ಕು ಅದರ ಅರ್ಧದಷ್ಟು ಮಾತ್ರ. ಈ ಎಳೆದಾಟಕ್ಕೆ ಬಗ್ಗದ ಯಾವ ಅಂಟೂ ಸಂದಿನಲ್ಲಿ ಉಳಿಯದು.

ಸಂಡೂರಿನಲ್ಲಿ ಇದಕ್ಕೆ ಕೆಂಪು ಅದಿರಿನ ಧೂಳೂ ಸೇರುತ್ತದೆ. ಒರೆಸದ ತಗಡಿನ ಮೇಲೆ ಹಾಕಿದ ಸೀಲಂಟ್ ಧೂಳಿಗೆ ಅಂಟಿ, ಧೂಳಿನೊಡನೆಯೇ ಕಿತ್ತುಬರುತ್ತದೆ, ಆದ್ದರಿಂದ ಬಟ್ಟೆಯಿಂದ ಒರೆಸಿ ಸ್ಪಿರಿಟ್ಟಿನಿಂದ ಶುಚಿ ಮಾಡುವುದು ಅನಿವಾರ್ಯ. ಅದಕ್ಕಿಂತ ಸೂಕ್ಷ್ಮವಾದ ತೊಡಕೆಂದರೆ ಆ ಧೂಳು ತುಕ್ಕಿನ ಬಣ್ಣವನ್ನು ಮರೆಮಾಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಒಂದೆರಡು ಮಳೆಯ ನಂತರ ನೋಡಿದರೆ ಅದಿರಿನ ಧೂಳು ಎಲ್ಲ ಕಡೆ ಸಮನಾಗಿ ಕೂತಿರುತ್ತದೆ, ತುಕ್ಕಾದರೆ ಮೊಳೆಯ ತಲೆಯಿಂದ ಇಳಿಜಾರಿನ ಕಡೆಗೆ ಬಾಲದಂತೆ ಇಳಿದಿರುತ್ತದೆ. ಬಾಲ ಕಂಡ ಮೊಳೆಯನ್ನು ಕಳಚಿ ಒಂದಳತೆ ದಪ್ಪದ ಹೊಸದನ್ನು ಹೊಸ ವಾಷರಿನೊಡನೆ ಹಾಕಬೇಕು; ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನ್ ಸರಿಯಾಗಿ ಕೂರದಿರುವುದರಿಂದ ಮೊದಲಿನದನ್ನು ಪೂರ್ತಿ ಕೆರೆದು ತೆಗೆಯಬೇಕು. ಗುತ್ತಿಗೆದಾರರ ದರಪಟ್ಟಿಯಲ್ಲಿ ಫಲಕ, ಇನ್ವರ್ಟರುಗಳ ಸಾಲುಗಳ ಕೆಳಗೆ ಬೋಲ್ಟಿನ ದರ್ಜೆ, ಸತುವಿನ ಹೊದಿಕೆಯ ಮೈಕ್ರಾನು, ವಾಷರಿನ ರಬ್ಬರು, ಸೀಲಂಟಿನ ಬಗೆ ಮತ್ತು ಅದರ ಕೊಳವೆಯ ಮೇಲಿನ ಅವಧಿ ಮುಗಿಯುವ ದಿನಾಂಕವನ್ನು ಬರೆಸಿಕೊಂಡು ಸಹಿ ಮಾಡುವುದು ಮನೆಯವರ ಹಕ್ಕು. ಬರೆಯಲು ಹಿಂಜರಿಯುವವರಿಗೆ ಛಾವಣಿ ಕೊರೆಯಲು ಕೊಡಬೇಕಾಗಿಲ್ಲ.